ಸಮುದ್ರಕ್ಕೆ ಒಯ್ದ ಉಪ್ಪು

ಯಶವಂತಪುರದ ನಿಲ್ದಾಣದಲ್ಲಿ ಕಾರವಾರದ ರೈಲಿಗೆ ಕಾಯುತ್ತ ಕುಳಿತಿದ್ದಾಗ ನಮ್ಮ ಮನೆಯವರು ನನ್ನ ಕೈಚೀಲವನ್ನು ಎತ್ತಿ ನೋಡಿ, "ಇದೇನೇ ಇಷ್ಟು ಭಾರ?" ಎಂದರು.

"ಉಪ್ಪು" ಎಂದೆ.

"ಉಪ್ಪಾ?"

"ಹೂಂ, ಕಲ್ಲುಪ್ಪು. ಹರಕೇದು."

ಅವರು ಚೀಲವನ್ನು ಮೆತ್ತಗೆ ಕೆಳಗಿಟ್ಟು, ಪಕ್ಕದಲ್ಲಿ ಚಪಾತಿಯ ಪೊಟ್ಟಣ ಬಿಚ್ಚುತ್ತಿದ್ದ ತಮ್ಮ ತಂಗಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ನಿಮ್ಮತ್ತಿಗೆ ಸಮುದ್ರಕ್ಕೆ ಉಪ್ಪು ತಗೊಂಡ್ ಬರ್ತಿದ್ದಾಳೆ. ಅಲ್ಲಿ ಕಮ್ಮಿ ಬಿದ್ದಿರ್ಬೇಕು."

ನಾದಿನಿಗೆ ಬಾಯಲ್ಲಿದ್ದ ಚಪಾತಿ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಹೇಳಿದಳು, "ಹಾಗೇ ಒಂದ್ ಬುಟ್ಟಿ ಮರಳೂ ತಂದ್ಬಿಡ್ಬೇಕಿತ್ತು ಅತ್ತಿಗೆ. ಅಲ್ಲಿ ಸಿಗುತ್ತೋ ಇಲ್ವೋ!"

ನಾನೂ ನಕ್ಕೆ. ನಗಬಾರದ ಮಾತೇನೂ ಅಲ್ಲ ಅದು. ಆದರೆ ಬೆಂಚಿನ ತುದಿಯಲ್ಲಿದ್ದ ಮಗಳು ನಗಲಿಲ್ಲ. ಕತ್ತಿಗೆ ಎರಡು ಸುತ್ತು ಸುತ್ತಿಕೊಂಡಿದ್ದ ದುಪಟ್ಟಾವನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಮುಖ ತಿರುಗಿಸಿದಳು. ಆ ಉಪ್ಪು ಅವಳ ಸಲುವಾಗಿಯೇ ಇದ್ದದ್ದು.

ಅದರ ಹಿಂದಿನ ವರ್ಷ ಅವಳ ಕತ್ತಿನ ಎಡಗಡೆ ಒಂದು ಗಡ್ಡೆ ಕಾಣಿಸಿಕೊಂಡಿತ್ತು. ಹಬ್ಬದ ದಿನ ತಲೆಗೆ ಎಣ್ಣೆ ಹಚ್ಚುವಾಗ ಮೊದಲು ಸಿಕ್ಕಿದ್ದು ನನ್ನ ಬೆರಳಿಗೇ. ನೆಲ್ಲಿಕಾಯಿಯಷ್ಟು ಗಾತ್ರ, ನೋವಿಲ್ಲ. ನೋವಿಲ್ಲದ ಗಡ್ಡೆಯೇ ಕೆಟ್ಟದ್ದು ಎಂದು ಯಾರೋ ಹೇಳಿದ್ದು ನೆನಪಾಗಿ ಎಣ್ಣೆಯ ಬಟ್ಟಲು ಕೈಯಲ್ಲೇ ನಿಂತಿತು. ಡಾಕ್ಟರು ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕುಕ್ಕರಿನ ಸೀಟಿಗೂ ಬೆಚ್ಚುತ್ತಿದ್ದೆವು.

ನಾನು ಆಗಲೇ ನನ್ನ ತವರಿನ ದೇವಿಗೆ ಹರಕೆ ಹೊತ್ತೆ. ರಾಜಾನುಕುಂಟೆಯ ಆಚೆ ನಮ್ಮ ಊರಿನಲ್ಲಿ ಗಂಗಮ್ಮನ ಗುಡಿಯಿದೆ. ಗುಡಿಯ ಮುಂದೊಂದು ಕುಂಟೆ, ಪುಟ್ಟ ಕೆರೆಯಂಥದ್ದು. ಮೈಮೇಲೆ ಗಡ್ಡೆ, ನರೂಲಿ, ಬಾವು ಏನೇ ಎದ್ದರೂ ಆ ಕುಂಟೆಗೆ ಉಪ್ಪು ಹಾಕುತ್ತೇವೆಂದು ಹೇಳಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಉಪ್ಪು ನೀರಿನಲ್ಲಿ ಕರಗಿದ ಹಾಗೆ ಮೈಯ ಗಡ್ಡೆಯೂ ಕರಗಲಿ ಎಂಬುದು ಅದರ ಪ್ರಾರ್ಥನೆ. ಯಾರ ಗಡ್ಡೆಯೋ ಅವರೇ ತಮ್ಮ ಕೈಯಾರೆ ಹಾಕಬೇಕು, ಅದು ಕರಗುವುದನ್ನು ನಿಂತು ನೋಡಬೇಕು. ಚಿಕ್ಕವಳಿದ್ದಾಗ ನಾನೂ ಹಾಕಿದ್ದೆ.

ದೇವರು ದೊಡ್ಡವನು. ನಾವು ಹೆದರಿದ ಕಾಯಿಲೆ ಅಲ್ಲ ಎಂದು ಬಂತು. ಕ್ಷಯದ ಗಡ್ಡೆಯಂತೆ, ಮಾತ್ರೆಯಲ್ಲೇ ಕರಗುತ್ತದಂತೆ, ಮನೆಯವರಿಗೂ ಅಂಟುವುದಿಲ್ಲವಂತೆ. ಕ್ಷಯ ಎಂಬ ಮಾತು ಕೇಳಿ ಸಂತೋಷದಿಂದ ಅತ್ತವಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ ಇರಬೇಕು. ಮಗಳು ಬೆಳಗಿನ ಹೊತ್ತು ಮುಖ ಕಿವುಚಿಕೊಂಡು, ಹೊಟ್ಟೆ ತೊಳಸಿದರೂ, ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದಳು. ಗಡ್ಡೆ ಕರಗಿತು. ಹುಡುಕಿದರೆ ಮಾತ್ರ ಕಾಣುವಂಥ ಒಂದು ಚಿಕ್ಕ ಗೆರೆ ಉಳಿಯಿತು. ಮಾತ್ರೆ ಕೊಟ್ಟವರು ಡಾಕ್ಟರು, ಅದನ್ನು ನುಂಗುವ ಛಲ ಕೊಟ್ಟವಳು ಗಂಗಮ್ಮ. ಇದರಲ್ಲಿ ಯಾರದು ಹೆಚ್ಚು, ಯಾರದು ಕಡಿಮೆ ಎಂದು ತೂಗುವ ಗೋಜಿಗೆ ನಾನು ಹೋಗಿಲ್ಲ.

ಆದರೆ ದುಪಟ್ಟಾ ಹೋಗಲಿಲ್ಲ. ಗಡ್ಡೆ ಮುಚ್ಚಲೆಂದು ಸುತ್ತಿಕೊಂಡದ್ದು, ಗಡ್ಡೆ ಹೋದ ಮೇಲೂ ಕತ್ತಿನಲ್ಲೇ ನಿಂತಿತು. ಬೇಸಗೆಯಲ್ಲೂ ಅದೇ, ಮದುವೆಮನೆಯಲ್ಲೂ ಅದೇ. ಮಾತಿನ ಮಧ್ಯೆ ಕೈ ಅದರ ಒಳಗೆ ಹೋಗುತ್ತಿತ್ತು, ಅದೇ ಜಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ಅವಳ ಕೈ ಹೋದಾಗಲೆಲ್ಲ ನನ್ನ ಎದೆ ಧಸಕ್ ಎನ್ನುತ್ತಿತ್ತು. "ಏನಾದ್ರೂ ಸಿಕ್ತೇನೇ?" ಎಂದು ಕೇಳಿದರೆ, "ಇಲ್ಲಮ್ಮಾ, ಸುಮ್ನೆ" ಎನ್ನುವಳು. ಹರಕೆ ತೀರಿಸಿಲ್ಲ, ಅದಕ್ಕೇ ಭಯ ಮನೆಬಿಟ್ಟು ಹೋಗುತ್ತಿಲ್ಲ ಎಂದು ನನಗೆ ಖಚಿತವಾಯಿತು.

ತೀರಿಸೋಣವೆಂದರೆ ಕುಂಟೆಯೇ ಇಲ್ಲ. ಗುಡಿ ಇದೆ, ಅಮ್ಮ ಇದ್ದಾಳೆ, ಮುಂದಿನ ನೀರು ಮಾತ್ರ ಲೇಔಟಿನ ಅಡಿಗೆ ಹೋಗಿಬಿಟ್ಟಿದೆ. ಹೋದಾಗ ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡಿದುಕೊಂಡೇ ಹೇಳಿದರು, "ಗಂಗಮ್ಮ ಇಲ್ಲೊಬ್ಳು ಅಲ್ಲೊಬ್ಳು ಅಂತ ಇಲ್ಲ ಕಣವ್ವ. ಎಲ್ಲಾರಾ ಒಳ್ಳೆ ದೊಡ್ ನೀರು ನೋಡಿ ಆಕ್ಸು. ಮಗಳ ಕೈಯಾಗೇ ಆಕ್ಸು. ಕಣ್ಣೆದುರ್ಗೆ ಕರುಗ್ಬೇಕು, ಅಷ್ಟೆಯಾ." ನಮ್ಮ ಸುತ್ತಿನ ಕೆರೆಗಳಿಗೆಲ್ಲ ತಂತಿಬೇಲಿ, ಗೇಟು, ಏನೂ ಹಾಕಬಾರದೆಂಬ ಫಲಕ. ಹಾಕಬಾರದೆಂದಲ್ಲಿ ಹಾಕಿ ಹರಕೆ ತೀರಿಸುವುದು ನನಗೆ ಸರಿಕಾಣಲಿಲ್ಲ.

ಹೀಗಿರುವಾಗ, ನಮ್ಮ ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ನಾದಿನಿ ಗೋಕರ್ಣದ ಹತ್ತಿರ ಕಡಲ ತೀರದ ರೆಸಾರ್ಟಿನಲ್ಲಿ ನಮಗೆಲ್ಲ ರೂಮು ಮಾಡಿಸಿದಳು. ಅವರೆಲ್ಲ ಈಜುಕೊಳದ ಫೋಟೋ ನೋಡುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಮಾತು. ಸಮುದ್ರಕ್ಕಿಂತ ದೊಡ್ಡ ನೀರು ಯಾವುದಿದೆ?

ಆರ್.ಟಿ. ನಗರದ ಅಂಗಡಿಯಿಂದ ಕಲ್ಲುಪ್ಪು ತಂದು, ಅರಿಶಿನದ ಬಟ್ಟೆಯಲ್ಲಿ ಕಟ್ಟುತ್ತಿದ್ದೆ. ಪಕ್ಕದ ಮನೆಯ ಆಪಾ ಬಾಗಿಲಲ್ಲಿ ನಿಂತು ನೋಡಿದರು. ಅವರಿಗೂ ನನಗೂ ಎಷ್ಟೋ ವರ್ಷದ ಬಳಕೆ. ನಮ್ಮ ಮಗಳ ಗಡ್ಡೆಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದಾಗ ಅವರೂ ದಿನವೂ ಅವಳ ಹೆಸರಲ್ಲಿ ದುವಾ ಮಾಡಿದವರು. ಏನೆಂದು ಕೇಳಿ ತಿಳಿದುಕೊಂಡು ಒಳಗೆ ಹೋಗಿ, ತಮ್ಮ ಅಡಿಗೆಮನೆಯಿಂದ ಒಂದು ಮುಷ್ಟಿ ಉಪ್ಪು ತಂದರು. "ನಂದೂ ಇರ್ಲಿ ಅಕ್ಕಾ. ಅಪ್ನಿಚ್ ಬಚ್ಚಿ ಹೈ ನಾ, ನಮ್ದೇ ಮಗು" ಎಂದು ಬಟ್ಟೆಗೆ ಸುರಿದರು. ನಾನು ಗಂಟು ಹಾಕಿದೆ.

ರೈಲಿನಲ್ಲಿ ನನಗೆ ಕೆಳಗಿನ ಬರ್ತೇ ಸಿಕ್ಕಿತು. ಮಂಡಿನೋವಿನವಳಿಗೆ ಅದೂ ಒಂದು ಕೃಪೆ. ಉಪ್ಪಿನ ಗಂಟನ್ನು ತಲೆಯ ಹತ್ತಿರ ಇಟ್ಟುಕೊಂಡು ಮಲಗಿದೆ. ಬೆಳಗ್ಗೆ ಎದ್ದಾಗ ಕಿಟಕಿಯಾಚೆ ತೆಂಗು, ಹೊಳೆ, ಮತ್ತೆ ತೆಂಗು. ಗಾಳಿ ಮೈಗೆ ಅಂಟುತ್ತಿತ್ತು. ಗಂಟು ಮುಟ್ಟಿ ನೋಡಿದೆ. ಒದ್ದೆ.

ಕಡಲ ಕಡೆಯ ಗಾಳಿಗೆ ಕಲ್ಲುಪ್ಪು ನೀರೊಡೆಯುತ್ತದೆ ಎಂದು ನನಗೇನು ಗೊತ್ತು? ರೆಸಾರ್ಟು ತಲುಪುವಷ್ಟರಲ್ಲಿ ಅರಿಶಿನದ ನೀರು ಚೀಲದ ತಳಕ್ಕೆ ಇಳಿದಿತ್ತು. ಆಫೀಸಿನ ಹುಡುಗಿ ಶರಬತ್ತು ಕೊಟ್ಟು ಉಪಚಾರ ಮಾಡುತ್ತಿದ್ದರೆ ನನಗೆ ರೂಮಿನದೇ ಆತುರ. ಬಾಗಿಲು ತೆರೆದವಳೇ, "ರೀ, ಮೊದ್ಲು ಎಸಿ ಹಾಕಿ" ಎಂದೆ.

"ಅಬ್ಬಾ! ಇಪ್ಪತ್ತೈದ್ ವರ್ಷಕ್ಕೆ ಮೊದಲ್ನೇ ಸಲ ಎಸಿ ಕೇಳ್ತಿದ್ದೀಯ. ಅಷ್ಟೊಂದ್ ಸೆಕೆನಾ?"

"ನನಗಲ್ಲ. ಉಪ್ಪಿಗೆ."

ಅವರು ಹಾಸಿಗೆಯ ಮೇಲೆ ಕುಳಿತುಬಿಟ್ಟರು. ಗಂಟನ್ನು ಬಿಳಿ ತಟ್ಟೆಯಲ್ಲಿಟ್ಟು ಎಸಿಯ ಕೆಳಗಿನ ಮೇಜಿನ ಮೇಲೆ ಇಟ್ಟೆ. ಅದು ಅಲ್ಲಿ ದೊಡ್ಡ ಮನುಷ್ಯರ ಹಾಗೆ ತಂಪಾಗಿ ಕುಳಿತಿತು.

ಸಂಜೆ ಬಿಸಿಲಿಳಿದ ಮೇಲೆ ಎಲ್ಲರೂ ತೀರಕ್ಕೆ ಹೋದೆವು. ಸಮುದ್ರ ನೋಡಿ ನಾನು ಕೈಮುಗಿದೆ. ನನ್ನಂಥವಳ ಕಣ್ಣಿಗೆ ದೇವರು ಅಷ್ಟು ನೀರನ್ನು ಒಟ್ಟಿಗೆ ತೋರಿಸಿದನಲ್ಲ ಎಂದು. ಮಗಳನ್ನು ಕರೆದೆ.

"ಇಲ್ಲೇನಾ? ಇಷ್ಟ್ ಜನರ ಮುಂದೆನಾ?" ಎಂದಳು. ಸುತ್ತ ಚೆಂಡು ಆಡುವವರು, ಫೋಟೋ ತೆಗೆಯುವವರು. "ಅಮ್ಮಾ ಪ್ಲೀಸ್, ನಂಗೆ ನಾಚ್ಕೆ ಆಗತ್ತೆ."

"ಒಂದು ನಿಮಿಷದ ಕೆಲ್ಸ ಕಣೇ."

ಅವಳು ಮುಖ ಗಂಟಿಕ್ಕಿಕೊಂಡೇ ಬಂದಳು. ನಾನು ಮೊದಲು ಬಗ್ಗಿ, ಅಲೆಯ ನೀರನ್ನು ಕಣ್ಣಿಗೊತ್ತಿಕೊಂಡು, ತೀರ್ಥ ತೆಗೆದುಕೊಳ್ಳುವ ಅಭ್ಯಾಸಕ್ಕೆ ನಾಲಿಗೆಗೂ ಇಟ್ಟುಕೊಂಡೆ. ಉಪ್ಪು! ಕಹಿಯಾಗುವಷ್ಟು ಉಪ್ಪು. ಗಂಟಿನ ಮೇಲಿದ್ದ ಕೈ ಅಲ್ಲೇ ನಿಂತಿತು.

ಸಮುದ್ರದ ನೀರು ಉಪ್ಪೆಂದು ಸ್ಕೂಲಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಮನಸ್ಸಿನಲ್ಲಿ ಕೂಡಿಸಿ ನೋಡಿರಲಿಲ್ಲ. ಇದು ಉಪ್ಪಿನ ತವರುಮನೆ. ಇಲ್ಲಿಗೆ ಉಪ್ಪು ಹಾಕಿದರೆ ಅದು ತನ್ನವರ ಜೊತೆ ಕಲೆತುಹೋಗುತ್ತದೆ, ಅಷ್ಟೆ. ಗಡ್ಡೆ ಇಲ್ಲದಂತಾಗಲಿ ಎಂದು ಬೇಡಿಕೊಂಡವಳು, ಎಲ್ಲ ಉಪ್ಪೇ ಇರುವಲ್ಲಿ ಇದನ್ನು ಹಾಕಿ ಏನೆಂದು ಹೇಳಲಿ?

"ಇಲ್ಲಿ ಆಗಲ್ಲ" ಎಂದೆ. ಯಾಕೆಂದೂ ಹೇಳಿದೆ.

ನಾದಿನಿ ಮರಳಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತಿಗೇ, ಯಶವಂತಪುರದಲ್ಲೇ ಹೇಳಿದ್ವಲ್ಲ!" ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾಗ ಮಗಳ ದನಿ ಕೇಳಿಸಿತು.

"ಅಂದ್ರೆ... ಹರಕೆ ತೀರಲ್ವಾ?"

ನಗು ನಿಂತಿತು. ಅವಳ ಕೈ ದುಪಟ್ಟಾದೊಳಗೆ ಹೋಗಿತ್ತು. ಮುಖ ತಿರುಗಿಸಿ, ನಾಚಿಕೆ ಎಂದೆಲ್ಲ ಆಡುತ್ತಿದ್ದ ಹುಡುಗಿ ಒಳಗೊಳಗೇ ಇದಕ್ಕೇ ಕಾಯುತ್ತಿದ್ದಳು ಎಂದು ನನಗೆ ಆಗ ತಿಳಿಯಿತು. ನಮ್ಮ ಮನೆಯವರಿಗೂ ತಿಳಿಯಿತು. ಅವರು ಮಗಳ ತಲೆಯ ಮೇಲೆ ಕೈಯಿಟ್ಟು, "ಯಾಕ್ ತೀರಲ್ಲ? ನಾಳೆ ಪೂಲು ಗೀಲು ಏನೂ ಬೇಡ. ಇಲ್ಲಿ ಸಿಹಿನೀರು ಎಲ್ಲಿದೆ ಅಂತ ಹುಡುಕೋದೇ ನಮ್ಮ ಟೂರು" ಎಂದರು. ನನ್ನ ಉಪ್ಪನ್ನು ಅಷ್ಟು ಹಾಸ್ಯ ಮಾಡಿದ್ದವರು! ಅದನ್ನೂ ದೇವರ ಕೃಪೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಮಾರನೆಯ ದಿನ ಬೆಳಗ್ಗೆ ಆಫೀಸಿನ ಹುಡುಗಿ ಗೋಡೆಯ ಮೇಲಿನ ನಕಾಶೆಯ ಮುಂದೆ ನಮ್ಮನ್ನು ನಿಲ್ಲಿಸಿಕೊಂಡು ಕೋಟೆ, ಉಪ್ಪಿನ ಆಗರ, ಬಂದರು, ದೇವಸ್ಥಾನ ಎಲ್ಲ ತೋರಿಸಿದಳು. "ನಿಮ್ಗೆ ಯಾವುದ್ರಲ್ಲಿ ಇಂಟ್ರೆಸ್ಟ್ ಮೇಡಂ?"

"ನೀರಲ್ಲಿ" ಎಂದೆ.

"ಓ, ಬೋಟಿಂಗಾ?"

ಮಗಳು ನನ್ನ ಮೊಣಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಬಾಡಿಗೆಗೆ ವ್ಯಾನ್ ಮಾಡಿಕೊಂಡು ಹೊರಟೆವು. ಮೊದಲು ಗೋಕರ್ಣದ ಮಹಾಬಲೇಶ್ವರನ ದರ್ಶನ. ಕಣ್ತುಂಬ ಆಯಿತು. ಅಲ್ಲಿಂದ ಕೋಟಿತೀರ್ಥ. ಸುತ್ತ ಮೆಟ್ಟಿಲು, ನಡುವೆ ಹಸಿರು ನೀರು, ಸಿಹಿನೀರೇ. ನಮ್ಮವರು, "ಆಯ್ತಲ್ಲ, ಹಾಕ್ಸು" ಎಂದರು. ನೋಡಿದರೆ ಮೆಟ್ಟಿಲ ಮೇಲೆ ತಲೆ ಬೋಳಿಸಿಕೊಂಡ ಗಂಡಸರು ತಂದೆತಾಯಿಯ ಕರ್ಮ ಮಾಡುತ್ತಿದ್ದರು. ಅದು ಪುಣ್ಯದ ಜಾಗ, ಅನುಮಾನವಿಲ್ಲ. ಆದರೂ ಹೋದವರಿಗೆ ನೀರು ಬಿಡುವಲ್ಲಿ ಬಾಳಬೇಕಾದ ಮಗಳ ಕೈಯಿಂದ ಉಪ್ಪು ಬಿಡಿಸಲು ನನ್ನ ಹೆತ್ತ ಕರುಳು ಒಪ್ಪಲಿಲ್ಲ. ನಮಸ್ಕಾರ ಮಾಡಿ ಬಂದುಬಿಟ್ಟೆ.

ಅಲ್ಲಿಂದ ಮಿರ್ಜಾನ್ ಕೋಟೆಗೆ. ಕೆಂಪು ಕಲ್ಲಿನ ಗೋಡೆಗಳ ಮೇಲೆ ಹುಲ್ಲು, ಪಾಚಿ. ನಾದಿನಿ ಫೋಟೋಕ್ಕೆ ನಿಂತಳು, ನಾನು ಬಾವಿಗಳನ್ನು ಹುಡುಕಿದೆ. ಬಾವಿ ಇತ್ತು. ಬಗ್ಗಿ ನೋಡಿದರೆ ಆಳದಲ್ಲೆಲ್ಲೋ ಒಂದು ಚೂರು ಆಕಾಶ ಹೊಳೆಯುತ್ತಿತ್ತು. ಅಷ್ಟು ಕೆಳಗೆ ಬಿದ್ದ ಉಪ್ಪು ಕರಗಿತೋ ಇಲ್ಲವೋ, ಅದನ್ನು ಕಂಡವರು ಯಾರು? ಕಣ್ಣೆದುರಿಗೆ ಕರಗಬೇಕು ಎಂದಿದ್ದರು ಪೂಜಾರಪ್ಪ. ಕೋಟೆಯ ನೆರಳಿನಲ್ಲಿ ಕುಳಿತು ಗೋಕರ್ಣದಲ್ಲಿ ಕಟ್ಟಿಸಿಕೊಂಡಿದ್ದ ಚಿತ್ರಾನ್ನ ತಿಂದೆವು. ಗಂಟನ್ನು ಈಗ ಸ್ಟೀಲ್ ಡಬ್ಬಿಗೆ ಹಾಕಿದ್ದೆ. ಅಲುಗಾಡಿಸಿದರೆ ಒಳಗೆ ಗಳಗಳ ಸದ್ದು.

"ಅರ್ಧ ಕರಗೇ ಹೋಗಿದೆ ಅತ್ತಿಗೆ" ಎಂದಳು ನಾದಿನಿ, ಈ ಸಲ ನಗದೆ. "ಬೇಗ ಏನಾದ್ರೂ ಮಾಡ್ಬೇಕು." ಡಬ್ಬಿಯೊಳಗೇ ಪೂರ್ತಿ ಕರಗಿಬಿಟ್ಟರೆ ಹರಕೆಯ ಗತಿ ಏನು? ಮಗಳು ಡಬ್ಬಿಯನ್ನು ತನ್ನ ಮಡಿಲಿಗೆ ತೆಗೆದುಕೊಂಡು ಕುಳಿತಳು.

ಸಾಣಿಕಟ್ಟಾದ ಉಪ್ಪಿನ ಆಗರದ ಹತ್ತಿರ ವ್ಯಾನ್ ನಿಂತಿತು. ಶಿವರಾತ್ರಿ ಕಳೆದ ಬಿಸಿಲು. ಕಣ್ಣು ಹಾಯುವವರೆಗೆ ಚೌಕ ಚೌಕವಾದ ಮಡಿಗಳು, ಅವುಗಳ ಬದುವಿನ ಮೇಲೆ ಬೆಳ್ಳಗೆ ಉಪ್ಪಿನ ಗುಡ್ಡೆಗಳು. ಉಪ್ಪು ಗೋರುವ ಹಲಗೆಯ ಹಿಡಿ ಹಿಡಿದಿದ್ದ ಒಬ್ಬರು ನಮ್ಮ ಡಬ್ಬಿ ನೋಡಿ ಏನೆಂದು ಕೇಳಿದರು. ನಮ್ಮ ಮನೆಯವರಿಗೆ ಸಂಭ್ರಮ. "ಬೆಂಗ್ಳೂರಿಂದ ಉಪ್ಪು ತಂದಿದ್ದೀವಿ ಸಾರ್!"

"ಹೌದಾ? ಇಲ್ಲಿಂದೇ ಹೋದದ್ದು ತಿರುಗಿ ಬಂತಾ ಎಂತೇನ" ಎಂದು ಆತ ನಕ್ಕು, ನಮಗೆ ಬಿಸಿಲು ಕಂಡು ಕುಡಿಯಲು ನೀರು ಕೊಟ್ಟರು. ಸಿಹಿಯಾಗಿ, ತಣ್ಣಗಿತ್ತು. ಲೋಟ ಕೆಳಗಿಡುವಾಗ ನನಗೆ ಹೊಳೆಯಿತು. ನಿನ್ನೆಯಿಂದ ನಾನು ಟೂರಿನವರು ನೋಡುವ ಜಾಗಗಳಲ್ಲೇ ನೀರು ಹುಡುಕುತ್ತಿದ್ದೇನೆ. ಆದರೆ ಇಲ್ಲಿ ಬದುಕುವವರು ಉಪ್ಪಿನ ನಡುವೆಯೇ ದಿನವೂ ಅನ್ನ ಬೇಯಿಸುತ್ತಾರೆ, ಬೇಳೆ ಬೇಯಿಸುತ್ತಾರೆ. ಕೇಳಬೇಕಾದವರು ಅವರನ್ನು. ಟ್ಯಾಂಕರಿನ ನೀರಿಗೆ ಬೇಳೆ ಬೇಯದೆ ಒದ್ದಾಡಿದ ನನಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು.

ತದಡಿಯಲ್ಲಿ ಹೊಳೆ ಸಮುದ್ರ ಸೇರುವ ಜಾಗ. ಅಲ್ಲಿಯ ನೀರನ್ನೂ ಬೆರಳಲ್ಲಿ ಅದ್ದಿ ನಾಲಿಗೆಗಿಟ್ಟೆ. "ಅಮ್ಮಾ, ಸಿಕ್ಕಿದ್ ನೀರೆಲ್ಲ ನೆಕ್ಬೇಡ!" ಎಂದು ಮಗಳು ಬೈದಳು. ಸಪ್ಪೆ ಉಪ್ಪು. ಆಚೆ ದಡದಲ್ಲಿ ಅಘನಾಶಿನಿ ಊರು. ಬೈಕು, ಮೀನಿನ ಬುಟ್ಟಿ, ಜನ ಎಲ್ಲವನ್ನೂ ಹೇರಿಕೊಂಡು ದೋಣಿ ಹೊರಡುತ್ತಿತ್ತು. ಹತ್ತಿಬಿಟ್ಟೆವು. ನನ್ನ ಪಕ್ಕ ಕುಳಿತದ್ದು ಮಲ್ಲಿಗೆ ಮುಡಿದ, ನನ್ನ ವಯಸ್ಸಿನ ಒಬ್ಬ ಹೆಂಗಸು, ಕಾಲ ಬಳಿ ಸಂತೆಯ ಚೀಲ.

"ಅಕ್ಕಾ, ನಿಮ್ಮೂರಲ್ಲಿ ಕುಡಿಯೋ ನೀರು ಎಲ್ಲಿಂದ ತರ್ತೀರ?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಊರಾಯ್ತು ನಿಮ್ಗೆ?"

"ಬೆಂಗ್ಳೂರು."

"ಅಲ್ಲಿ ನೀರಿಲ್ಲ ಅಂತ ಟೀವೀಲಿ ಹೇಳ್ತಿದ್ರು. ಇಲ್ಲೀವರೆಗೆ ಹುಡುಕ್ಕಂಡು ಬಂದ್ಬಿಟ್ರಾ ಮಾರಾಯ್ರೆ?"

ದೋಣಿಯಲ್ಲಿದ್ದವರೆಲ್ಲ ನಕ್ಕರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಮಗಳು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಎಂದು. ಆಕೆಯ ಮುಖದ ನಗು ಹೋಗಿ ಬೇರೇನೋ ಬಂತು. "ಸಮುದ್ರದ ಬದೀಗೆ ಗುಡ್ಡದ ಬುಡದಲ್ಲಿ ಒಂದು ಒರತೆ ಉಂಟು. ಸಕ್ರೆ ನೀರು. ಬನ್ನಿ, ನಮ್ಮನೆ ದಾರಿಯೇ."

ದಡ ಇಳಿದು ಆಕೆಯ ಹಿಂದೆ ನಡೆದೆವು. ಮನೆಗಳ ಹಿತ್ತಿಲು, ಒಣಗಲು ಹಾಕಿದ ಬಲೆ, ಗೇರುಮರಗಳ ನೆರಳು. ನನ್ನ ಮಂಡಿ ಅವತ್ತು ಒಂದು ಮಾತೂ ಆಡಲಿಲ್ಲ. ಗುಡ್ಡದ ತಿರುವು ದಾಟಿದರೆ ಒಂದು ಪಕ್ಕ ಅಲೆ ಬಡಿಯುವ ಸಮುದ್ರ, ಇನ್ನೊಂದು ಪಕ್ಕ ಕೆಂಪು ಕಲ್ಲಿನ ಸಂದಿಯಿಂದ ಜಿನುಗುವ ನೀರು. ಅದಕ್ಕೆ ನಾಲ್ಕು ಬದಿಗೂ ಕಲ್ಲು ಕಟ್ಟಿ ಚಿಕ್ಕ ತೊಟ್ಟಿ ಮಾಡಿದ್ದರು. ತಳದ ಮರಳು ಒಂದೊಂದೂ ಕಾಣುತ್ತಿತ್ತು. ಬೊಗಸೆಯಲ್ಲಿ ಕುಡಿದೆ. ನನ್ನ ತವರಿನ ಕುಂಟೆಯ ನೀರು ನೆನಪಾಯಿತು. "ಅಮ್ಮಾ, ಇಲ್ಲಿ ಬಂದು ಕೂತಿದ್ದೀಯಾ?" ಎಂದು ಬಾಯಿಬಿಟ್ಟೇ ಕೇಳಿದೆ.

ಮಗಳ ಕೈಯಿಂದ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿದೆನೋ ಇಲ್ಲವೋ, ಆ ಅಕ್ಕ ನನ್ನ ಕೈ ಹಿಡಿದರು. "ಅಯ್ಯೋ ತಾಯೀ! ಕುಡಿಯೂ ನೀರಿಗೆ ಉಪ್ಪು ಹಾಕೂದಾ? ಈ ಒರತೆಗೆ ಸಮುದ್ರದ ಉಪ್ಪು ಸೇರ್ದೇ ಇರ್ಲಿ ಅಂತ ನಾವು ವರ್ಷಾ ವರ್ಷಾ ಕಾಯಿ ಒಡೂದು!"

ಹೌದಲ್ಲ! ನಮ್ಮೂರಿನಲ್ಲಿ ಗಂಗಮ್ಮನಿಗೆ ಉಪ್ಪು ಹಾಕುತ್ತೇವೆ, ಇವರ ಊರಿನಲ್ಲಿ ಗಂಗಮ್ಮನಿಗೆ ಉಪ್ಪು ತಾಗದಿರಲಿ ಎಂದು ಬೇಡುತ್ತಾರೆ. ಇಷ್ಟು ದೂರ ಬಂದು, ಕಣ್ಣೆದುರಿಗೇ ಸಿಹಿನೀರಿದ್ದು, ಹಾಕುವಂತಿಲ್ಲ. ಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಡಬ್ಬಿಯ ಮುಚ್ಚಳ ಹಾಕತೊಡಗಿದೆ.

ಮಗಳೇ ಮಾತಾಡಿದಳು. "ಆಂಟಿ, ಈ ನೀರು ತುಂಬಿದ್ ಮೇಲೆ ಎಲ್ಲಿಗ್ ಹೋಗುತ್ತೆ?"

ಆಕೆ ತೊಟ್ಟಿಯ ಕೆಳಗೆ ತೋರಿಸಿದರು. ತುಂಬಿ ಹೊರಬಿದ್ದ ನೀರು ಗೇಣಗಲದ ಕಾಲುವೆಯಾಗಿ, ಬಟ್ಟೆ ಒಗೆಯುವ ಕಲ್ಲನ್ನು ಬಳಸಿಕೊಂಡು, ಮರಳಿನ ಮೇಲೆ ಹಾವಿನ ಹಾಗೆ ಹರಿದು ಸಮುದ್ರಕ್ಕೆ ಇಳಿಯುತ್ತಿತ್ತು.

"ಅಲ್ಲಿ ಹಾಕ್ಬಹುದಾ? ಬಟ್ಟೆ ಕಲ್ಲಿನಿಂದ ಆಚೆ?"

ಆಕೆ ಒಂದು ಕ್ಷಣ ಯೋಚಿಸಿ, "ಅಲ್ಲಿ ಅಡ್ಡಿಲ್ಲ. ಅಲ್ಲಿಂದ ಮುಂದೆ ಸಮುದ್ರದ್ದೇ" ಎಂದರು.

ಸಿಹಿನೀರು, ಹರಿಯುವ ನೀರು, ಕಣ್ಣೆದುರಿನ ನೀರು. ಯಾರ ಬಾಯಿಯ ನೀರೂ ಕೆಡುವುದಿಲ್ಲ. ನಿನ್ನೆ ತೀರದಲ್ಲಿ ನಾಚಿಕೆ ಎಂದವಳು ಈಗ ತಾನೇ ಜಾಗ ಹುಡುಕಿದ್ದಳು. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು, ಕಾಲುವೆಯ ಪಕ್ಕ ಮಂಡಿಯೂರಿ ಕುಳಿತು ಗಂಟು ಬಿಚ್ಚತೊಡಗಿದಳು. ಒದ್ದೆಯಾಗಿ ಬಿಗಿದಿದ್ದ ಗಂಟು ಜಗ್ಗಲಿಲ್ಲ. ಬಗ್ಗಿದಾಗಲೆಲ್ಲ ದುಪಟ್ಟಾದ ತುದಿ ಜಾರಿ ನೀರಿಗೆ ಬೀಳುತ್ತಿತ್ತು. ಎತ್ತಿ ಹೆಗಲಿಗೆ ಹಾಕಿಕೊಳ್ಳುವಳು, ಮತ್ತೆ ಬೀಳುವುದು. ಕೊನೆಗೆ "ಥತ್!" ಎಂದು ಬೇಸರಪಟ್ಟು, ಕತ್ತಿನಿಂದ ಬಿಚ್ಚಿ, ಹಿಂದಿದ್ದ ಗೇರುಮರದ ಕೊಂಬೆಗೆ ಎಸೆದಳು. ಹಲ್ಲಿನಿಂದ ಗಂಟು ಕಚ್ಚಿ ಬಿಚ್ಚಿದಳು.

ನಾನು ಅವಳ ಕತ್ತನ್ನೇ ನೋಡುತ್ತಿದ್ದೆ. ಬಿಸಿಲು ಅದರ ಮೇಲೆ ಬಿದ್ದು ಎಷ್ಟು ಕಾಲವಾಗಿತ್ತು!

ಉಪ್ಪು ಪೂರ್ತಿ ಕರಗಿರಲಿಲ್ಲ. ಅಷ್ಟು ದೂರದಿಂದ ಬಂದು, ಎರಡು ಬೊಗಸೆಯಷ್ಟು ಹರಳುಗಳು ಅರಿಶಿನ ಬಳಿದುಕೊಂಡು ನಮಗಾಗಿ ಕಾದಿದ್ದವು. ಆಪಾ ಕೊಟ್ಟದ್ದು ಯಾವುದು, ನಾನು ಕೊಂಡದ್ದು ಯಾವುದು, ಬೇರೆ ಮಾಡಲು ಬರುತ್ತಿರಲಿಲ್ಲ. ಮಗಳು ಬೊಗಸೆಯನ್ನು ನೀರಿನೊಳಗೆ ಇಟ್ಟು ಬೆರಳು ಸಡಿಲಿಸಿದಳು. ಹರಳುಗಳು ಮರಳಿನ ಮೇಲೆ ಉರುಳಿದವು, ಅಂಚು ಕಳೆದುಕೊಂಡವು, ಚಿಕ್ಕದಾದವು, ಒಂದು ಹಳದಿ ಗೆರೆಯಾಗಿ ಕೆಳಗೆ ಹರಿದವು. ಅಲೆಯೊಂದು ಮೇಲೇರಿ ಬಂದು ಆ ಗೆರೆಯನ್ನು ಕರೆದುಕೊಂಡು ಹೋಯಿತು. ಉಪ್ಪು ಕರಗಿಯೂ ಆಗಿತ್ತು, ತವರಿಗೆ ಹೋಗಿಯೂ ಆಗಿತ್ತು.

ನಮ್ಮ ಮನೆಯವರು ಚಪ್ಪಲಿ ಬಿಟ್ಟು ನಿಂತಿದ್ದರು. ನಾದಿನಿಯ ಕೈಯಲ್ಲಿ ಫೋನಿತ್ತು, ಫೋಟೋ ತೆಗೆಯುವುದನ್ನೇ ಮರೆತಿದ್ದಳು.

ಆ ಅಕ್ಕ ಮಗಳ ಕತ್ತಿಗೆ ಬಗ್ಗಿ ನೋಡಿ, "ಎಲ್ಲಿ ಆಗಿತ್ತೇ ಅದು?" ಎಂದು ನೇರವಾಗಿ ಕೇಳಿದರು. ಈ ಪ್ರಶ್ನೆಗೆ ಹೆದರಿಯೇ ಅಲ್ಲವೇ ಅಷ್ಟು ದಿನ ಅವಳು ಮುಚ್ಚಿಕೊಂಡಿದ್ದು.

"ಇಲ್ಲಿ" ಎಂದು ಮಗಳು ಬೆರಳಿಟ್ಟು ತೋರಿಸಿದಳು. "ಗಡ್ಡೆ ಆಗಿತ್ತು. ಟಿಬಿ. ಮಾತ್ರೆ ತಗೊಂಡೆ, ಕರಗ್ತು."

"ಎಂತದೂ ಕಾಣೂದೇ ಇಲ್ವಲ್ಲೇ. ಚಂದ ಉಂಟು ಕುತ್ತಿಗೆ" ಎಂದು ಆಕೆ ತಮ್ಮ ಮುಡಿಯಿಂದ ಒಂದು ತುಂಡು ಮಲ್ಲಿಗೆ ತೆಗೆದು ಅವಳ ಜಡೆಗೆ ಸಿಕ್ಕಿಸಿದರು.

ದೋಣಿ ಅರ್ಧ ಹೊಳೆ ದಾಟಿದ ಮೇಲೆ ನನಗೆ ನೆನಪಾಯಿತು. "ಅಯ್ಯೋ, ನಿನ್ನ ದುಪಟ್ಟಾ! ಮರದಲ್ಲೇ ಉಳೀತಲ್ಲೇ!"

ಮಗಳು ಗಾಳಿಗೆ ಮುಖವೊಡ್ಡಿ ನಿಂತಿದ್ದಳು. ಕೂದಲನ್ನು ಒಂದು ಪಕ್ಕಕ್ಕೆ ತಳ್ಳಿ, "ಬಿಡಮ್ಮಾ. ಸೆಕೆ" ಎಂದಳು.

ಬರುವಾಗ ಸಾಣಿಕಟ್ಟಾದಲ್ಲಿ ವ್ಯಾನ್ ನಿಲ್ಲಿಸಿ ನಮ್ಮ ಮನೆಯವರು ತಾವೇ ಇಳಿದು ಒಂದು ಚೀಲ ಉಪ್ಪು ಕೊಂಡುಕೊಂಡರು. ಮರುದಿನ ಸಂಜೆ ರೈಲಿಗೆ ಅದನ್ನು ಹೆಗಲ ಮೇಲೆ ಹೊತ್ತು ಹತ್ತಿಸಿದವರೂ ಅವರೇ. ಬೆಳಗ್ಗೆ ಯಶವಂತಪುರದ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದರು. "ಇದೇನಣ್ಣ ಇಷ್ಟು ಭಾರ?" ಎಂದು ನಾದಿನಿ ಕೇಳಿದಳು. ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. ನಾನು ಏನೂ ಹೇಳಲಿಲ್ಲ. ಗೆದ್ದವರು ಹೆಚ್ಚು ಮಾತಾಡಬಾರದು.

ಮನೆಗೆ ಬಂದು ದೀಪ ಹಚ್ಚಿ, ಒಂದು ಡಬ್ಬಿಗೆ ಆಪಾ ಅವರ ಪಾಲಿನ ಉಪ್ಪು ತುಂಬಿಸಿ, "ಕೊಟ್ಟು ಬಾರೇ" ಎಂದು ಮಗಳಿಗೆ ಹೇಳಿದೆ. ಅವರು ಆ ಹೊತ್ತಿಗೆ ಬೀದಿಯ ತುದಿಯಲ್ಲಿರುವ ತಮ್ಮ ಅಂಗಡಿಯಲ್ಲಿರುತ್ತಾರೆ. ಮಗಳು ಡಬ್ಬಿ ಹಿಡಿದು ಹೊರಟಳು. ನಾನು ಬಾಲ್ಕನಿಗೆ ಬಂದು ನಿಂತೆ. ಹಾಲಿನ ಬೂತು, ಟೈಲರ್ ಅಂಗಡಿ, ಆಟೋ ಸ್ಟ್ಯಾಂಡು, ಎಲ್ಲವನ್ನೂ ದಾಟಿ, ಗುರುತಿನವರು ಮಾತಾಡಿಸಿದಲ್ಲಿ ನಿಂತು ಮಾತಾಡಿ, ಅವಳು ಹೋದಳು. ಕತ್ತಿನ ಮೇಲೆ ಏನೂ ಇರಲಿಲ್ಲ. ಎರಡು ಕೈಯೂ ಡಬ್ಬಿಯ ಮೇಲೇ ಇದ್ದವು.